ಒಪ್ಪದ ನ್ಯಾಯಮೂರ್ತಿ, ಒಪ್ಪದ ಶಾಸಕ



ದೇಶದ ಯಾವುದೇ ಕಾನೂನು ಕಾಲೇಜಿನಲ್ಲಿ ಪಕ್ಷಾಂತರದ ಪಾಠ ನಡೆಯುವಾಗ ಹಿಂದಿನ ಬೆಂಚಿನಲ್ಲಿ ಹೋಗಿ ಕೂತರೆ ನಮ್ಮ ಜಿಲ್ಲೆಯ ಎರಡು ಹೆಸರು ಕಿವಿಗೆ ಬೀಳುತ್ತವೆ. ಒಂದು, 'ಬಾಲಚಂದ್ರ ಜಾರಕಿಹೊಳಿ ವಿರುದ್ಧ ಬಿ.ಎಸ್. ಯಡಿಯೂರಪ್ಪ', 2011. ಇನ್ನೊಂದು, 'ಶ್ರೀಮಂತ ಬಾಳಾಸಾಹೇಬ ಪಾಟೀಲ ವಿರುದ್ಧ ಕರ್ನಾಟಕ ವಿಧಾನಸಭೆಯ ಸ್ಪೀಕರ್', 2019. ಮೊದಲನೆಯವರು ಅರಭಾವಿಯ ಶಾಸಕರು, ಎರಡನೆಯವರು ಆಗ ಕಾಗವಾಡದ ಶಾಸಕರು. ಬೆಳಗಾವಿ ಜಿಲ್ಲೆ ಈ ದೇಶಕ್ಕೆ ಸಕ್ಕರೆ ಕೊಟ್ಟಷ್ಟೇ ಧಾರಾಳವಾಗಿ ಪಕ್ಷಾಂತರದ ಕಾನೂನನ್ನೂ ಕೊಟ್ಟಿದೆ ಎಂದರೆ ನೀವು ನಗಬಹುದು. ನಗಿರಿ, ಆದರೆ ಮಾತು ಸುಳ್ಳಲ್ಲ.

ಉನ್ನತ ನ್ಯಾಯಾಲಯಗಳಲ್ಲಿ ಈಚೆಗೆ ಏನು ನಡೆದಿದೆ, ನ್ಯಾಯಮೂರ್ತಿಗಳು ತಮ್ಮತಮ್ಮಲ್ಲೇ ಏಕೆ ಒಪ್ಪುವುದಿಲ್ಲ ಎಂಬುದರ ಬಗ್ಗೆ ಮಾತಾಡಬೇಕೆಂದು ನನ್ನನ್ನು ಕರೆಸಿದ್ದೀರಿ. ಪೇಪರಿನಲ್ಲಿ 'ಭಿನ್ನ ತೀರ್ಪು' ಎಂಬ ಸುದ್ದಿ ಬಂದಾಗಲೆಲ್ಲ ಊರ ಕಟ್ಟೆಯ ಮೇಲೆ ಒಂದು ಪ್ರಶ್ನೆ ಏಳುತ್ತದೆ: ದೊಡ್ಡ ಕೋರ್ಟಿನವರಿಗೇ ಒಮ್ಮತ ಇಲ್ಲವೆಂದ ಮೇಲೆ ನಾವು ಯಾರ ಮಾತು ನಂಬಬೇಕು? ಪ್ರಶ್ನೆ ಸಣ್ಣದಲ್ಲ. ಆದರೆ ಅದರ ಪಕ್ಕದಲ್ಲಿ ಇನ್ನೊಂದು ಪ್ರಶ್ನೆಯನ್ನೂ ಇಟ್ಟು ನೋಡಬೇಕು ಎನ್ನುವುದಕ್ಕೇ ನಾನು ಇವತ್ತು ಬಂದಿರುವುದು. ಒಬ್ಬ ನ್ಯಾಯಮೂರ್ತಿ ತನ್ನ ಜೊತೆಯವರನ್ನು ಒಪ್ಪದಿದ್ದರೆ ಅವರ ಮಾತನ್ನು ಸರ್ಕಾರದ ಖರ್ಚಿನಲ್ಲಿ ಅಚ್ಚು ಹಾಕುತ್ತಾರೆ. ಒಬ್ಬ ಶಾಸಕ ತನ್ನ ಪಕ್ಷದವರನ್ನು ಒಪ್ಪದಿದ್ದರೆ ಕುರ್ಚಿಯೇ ಹೋಗಬಹುದು. ಒಂದೇ ಸಂವಿಧಾನ ಹೀಗೆ ಎರಡು ಮನೆಗೆ ಎರಡು ನ್ಯಾಯ ಮಾಡಿರುವುದು ಸರಿಯೆ?

ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ. 1956ರ ನವೆಂಬರ್ 1ರವರೆಗೆ ಅಥಣಿ, ಚಿಕ್ಕೋಡಿ ತಾಲ್ಲೂಕುಗಳ ಅಪೀಲು ಮುಂಬಯಿ ಹೈಕೋರ್ಟಿಗೆ ಹೋಗುತ್ತಿತ್ತು. ರಾಯಬಾಗದವರದು ಕೊಲ್ಹಾಪುರ ಸಂಸ್ಥಾನ, ಅವರ ಮಾತು ಬೇರೆ. ಮುಂಬಯಿಯಲ್ಲಿ ಸೋತವರು, ಕೈಯಲ್ಲಿ ಹಣ ಇದ್ದವರು, 1949ರವರೆಗೆ ಲಂಡನ್ನಿನ ಪ್ರಿವಿ ಕೌನ್ಸಿಲ್ ತನಕ ಹೋಗಬಹುದಿತ್ತು. ಅಲ್ಲಿ ನಾಲ್ಕೈದು ಮಂದಿ ಕೂತು ವಾದ ಕೇಳುತ್ತಿದ್ದರು, ಆದರೆ ಹೊರಗೆ ಬರುತ್ತಿದ್ದುದು ಒಂದೇ ಅಭಿಪ್ರಾಯ. ಕಾರಣ, ಕಾಗದದ ಮಟ್ಟಿಗೆ ಅದು ತೀರ್ಪಲ್ಲ, ದೊರೆಗೆ ಕೊಡುವ ಸಲಹೆ. ದೊರೆಗೆ ಎರಡು ಸಲಹೆ ಕೊಡಬಾರದು. ಹೀಗಾಗಿ ದತ್ತಕದ ದಾವೆಯಲ್ಲೋ ವತನದ ದಾವೆಯಲ್ಲೋ ಹೊಲ ಕಳೆದುಕೊಂಡವನಿಗೆ, ವಾದ ಕೇಳಿದವರಲ್ಲಿ ಒಬ್ಬರಾದರೂ ತನ್ನ ಪರ ಇದ್ದರೋ ಇಲ್ಲವೋ ಎಂಬುದು ಸಾಯುವತನಕ ಗೊತ್ತಾಗುತ್ತಿರಲಿಲ್ಲ. ಒಪ್ಪದವರು ಪ್ರತ್ಯೇಕವಾಗಿ ಬರೆಯಬಹುದು ಎಂದು ಪ್ರಿವಿ ಕೌನ್ಸಿಲ್ ನಿಯಮ ಬದಲಾದದ್ದು 1966ರಲ್ಲಿ, ನಾವು ಅದನ್ನು ಬಿಟ್ಟು ಎಷ್ಟೋ ವರ್ಷಗಳಾದ ಮೇಲೆ. ಯುರೋಪಿನ ಒಕ್ಕೂಟದ ನ್ಯಾಯಾಲಯ ಇಂದಿಗೂ ಹಳೆಯ ರೀತಿಯಲ್ಲೇ ಒಂದೇ ತೀರ್ಪು ಕೊಡುತ್ತದೆ. ಒಳಗೆ ಎಷ್ಟು ಜಗಳವಾಯಿತೆಂದು ಯಾರಿಗೂ ಹೇಳುವುದಿಲ್ಲ.

ನಮ್ಮ ಸಂವಿಧಾನ ಆ ದಾರಿ ಹಿಡಿಯಲಿಲ್ಲ. 145ನೇ ವಿಧಿಯ 5ನೇ ಖಂಡ ಸ್ಪಷ್ಟವಾಗಿದೆ: ಬಹುಮತದ ಮಾತೇ ತೀರ್ಪು, ಆದರೆ ಒಪ್ಪದ ನ್ಯಾಯಮೂರ್ತಿ ತನ್ನ ಭಿನ್ನ ತೀರ್ಪನ್ನು ಕೊಡುವುದಕ್ಕೆ ಅಡ್ಡಿಯಿಲ್ಲ. ಈ ಒಂದು ಸಾಲಿನಿಂದ ಎಷ್ಟು ಹುಟ್ಟಿದೆ ನೋಡಿ. 1976ರ ಏಪ್ರಿಲ್ 28ರಂದು, ತುರ್ತುಪರಿಸ್ಥಿತಿಯ ನಡುವೆ, ಜೈಲಿಗೆ ಹಾಕಿದವನಿಗೆ ಕೋರ್ಟಿನ ಬಾಗಿಲು ಮುಚ್ಚಿದೆ ಎಂದು ಸುಪ್ರೀಂ ಕೋರ್ಟಿನ ನಾಲ್ವರು ನ್ಯಾಯಮೂರ್ತಿಗಳು ಬರೆದರು. ಎಚ್.ಆರ್. ಖನ್ನಾ ಒಬ್ಬರೇ ಇಲ್ಲವೆಂದರು. ಮರುವರ್ಷ ಜನವರಿಯಲ್ಲಿ ಅವರ ಸರದಿ ದಾಟಿಸಿ ಅವರಿಗಿಂತ ಕಿರಿಯ ನ್ಯಾಯಮೂರ್ತಿ ಬೇಗ್ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಲಾಯಿತು, ಖನ್ನಾ ರಾಜೀನಾಮೆ ಕೊಟ್ಟು ಹೊರನಡೆದರು. ಹಾಗಾಗಿ ನ್ಯಾಯಮೂರ್ತಿಯ ಭಿನ್ನಮತಕ್ಕೆ ಬೆಲೆ ತೆರಬೇಕಿಲ್ಲ ಎಂದು ನಾನು ಸಾರಾಸಗಟಾಗಿ ಹೇಳಲಾರೆ. ಆದರೆ ಬರೆದ ತೀರ್ಪನ್ನು ಯಾರೂ ಅಳಿಸಲಾಗಲಿಲ್ಲ. 2017ರ ಆಗಸ್ಟ್ 24ರಂದು ಒಂಬತ್ತು ಮಂದಿಯ ಪೀಠ 1976ರ ಬಹುಮತವನ್ನು ತಳ್ಳಿಹಾಕಿತು. ಆ ಮೊಕದ್ದಮೆ ಹೂಡಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಹಳೆಯ ತೀರ್ಪು ತಪ್ಪು ಎಂದು ಬರೆದವರು ಡಿ.ವೈ. ಚಂದ್ರಚೂಡ್. ಆ ಹಳೆಯ ತೀರ್ಪು ಬರೆದ ನಾಲ್ವರಲ್ಲಿ ಒಬ್ಬರು ಅವರ ತಂದೆ ವೈ.ವಿ. ಚಂದ್ರಚೂಡ್. ಈ ಅಪ್ಪ-ಮಗನ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಅಪ್ಪ-ಮಗಳ ವಿಷಯ ಬರುತ್ತದೆ.

ಇನ್ನು ಪಕ್ಷಾಂತರಕ್ಕೆ ಬರೋಣ. 1985ರಲ್ಲಿ 52ನೇ ತಿದ್ದುಪಡಿಯ ಮೂಲಕ ಸಂವಿಧಾನಕ್ಕೆ ಹತ್ತನೇ ಅನುಸೂಚಿ ಸೇರಿತು. ಪಕ್ಷವನ್ನು ಸ್ವಇಚ್ಛೆಯಿಂದ ಬಿಟ್ಟವನು ಅನರ್ಹ, ವಿಪ್ ಮೀರಿ ಮತ ಹಾಕಿದವನೂ ಅನರ್ಹ. ನಿರ್ಧರಿಸುವವರು ಸ್ಪೀಕರ್. ಇದನ್ನು ಪ್ರಶ್ನಿಸಿದ ಕಿಹೋಟೊ ಹೊಲ್ಲೋಹನ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಐವರು ಮೂರು-ಎರಡಾಗಿ ಒಡೆದರು. ಕಾರಣಗಳು ಹೊರಬಂದದ್ದು 1992ರ ಫೆಬ್ರವರಿಯಲ್ಲಿ. ಬಹುಮತದ ತೀರ್ಪು ಬರೆದವರು ಬೆಂಗಳೂರಿನ ಎಂ.ಎನ್. ವೆಂಕಟಾಚಲಯ್ಯ. ಸ್ಪೀಕರ್ ಹುದ್ದೆಗೆ ಒಂದು ಘನತೆ ಇದೆ, ಅದನ್ನು ಶಂಕಿಸಬಾರದು, ತಪ್ಪಾದರೆ ಕೋರ್ಟು ಪರಿಶೀಲಿಸಬಹುದು ಎಂಬುದು ಅವರ ನಿಲುವು. ಭಿನ್ನ ತೀರ್ಪು ಜೆ.ಎಸ್. ವರ್ಮಾ ಅವರದು, ಎಲ್.ಎಂ. ಶರ್ಮಾ ಜೊತೆಗೂಡಿದರು. ಸ್ಪೀಕರ್ ತನ್ನ ಕುರ್ಚಿಯಲ್ಲಿ ಇರುವುದೇ ಸದನದ ಬಹುಮತದ ದಯೆಯಿಂದ. ಆ ಬಹುಮತ ಉಳಿಯುತ್ತದೋ ಉರುಳುತ್ತದೋ ಎಂಬ ಜಗಳದಲ್ಲಿ ಅವರನ್ನೇ ಪಂಚರನ್ನಾಗಿ ಕೂರಿಸುವುದು ಹೇಗೆ? ಇದು ಅವರ ಆಕ್ಷೇಪದ ತಿರುಳು. ಅವರ ಲೆಕ್ಕದಲ್ಲಿ ಇಡೀ ಅನುಸೂಚಿಯೇ ನಿಲ್ಲುತ್ತಿರಲಿಲ್ಲ. ಅಷ್ಟು ದೂರ ಹೋಗಬೇಕಿತ್ತೆ ಎಂದು ನನಗೂ ಅನುಮಾನವಿದೆ. ಆದರೆ ಸ್ಪೀಕರ್ ಬಗ್ಗೆ ಅವರು ಹೇಳಿದ್ದನ್ನು ಮುಂದಿನ ಮೂವತ್ತು ವರ್ಷ ಪದೇಪದೇ ನಿಜ ಮಾಡಿ ತೋರಿಸಿದ್ದರಲ್ಲಿ ನಮ್ಮ ತಾಲ್ಲೂಕುಗಳ ಪಾಲೂ ಇದೆ.

2010ರ ಅಕ್ಟೋಬರ್ 6. ಬಿಜೆಪಿಯ 11 ಶಾಸಕರು, 5 ಪಕ್ಷೇತರರು ರಾಜ್ಯಪಾಲ ಎಚ್.ಆರ್. ಭಾರದ್ವಾಜರಿಗೆ ಪತ್ರ ಕೊಟ್ಟರು: ಯಡಿಯೂರಪ್ಪನವರ ಸರ್ಕಾರಕ್ಕೆ ನಮ್ಮ ಬೆಂಬಲವಿಲ್ಲ. ಆ ಹನ್ನೊಂದರಲ್ಲಿ ಬಾಲಚಂದ್ರ ಜಾರಕಿಹೊಳಿ ಇದ್ದರು, ಕಾಗವಾಡದ ಭರಮಗೌಡ ಕಾಗೆ, ಅಂದರೆ ನಮ್ಮೆಲ್ಲರಿಗೂ ಗೊತ್ತಿರುವ ರಾಜು ಕಾಗೆ, ಇದ್ದರು. ಮರುದಿನವೇ ಸ್ಪೀಕರ್ ಕೆ.ಜಿ. ಬೋಪಯ್ಯ ನೋಟಿಸು ಹೊರಡಿಸಿದರು. ಉತ್ತರ ಕೊಡಲು ಏಳು ದಿನ ಇರಬೇಕು ಎನ್ನುತ್ತದೆ ವಿಧಾನಸಭೆಯದೇ ನಿಯಮ. ವಿಶ್ವಾಸಮತ ಇದ್ದದ್ದು ಅಕ್ಟೋಬರ್ 11ಕ್ಕೆ. ಹತ್ತನೇ ತಾರೀಖಿಗೇ ಹದಿನಾರು ಮಂದಿಯೂ ಅನರ್ಹರಾದರು. ಶಾಸಕರ ವಾದ ಸರಳವಾಗಿತ್ತು: ನಾವು ಪಕ್ಷ ಬಿಟ್ಟಿಲ್ಲ, ಬಿಜೆಪಿಯಲ್ಲೇ ಇದ್ದೇವೆ, ಬೇರೆ ನಾಯಕನನ್ನು ತಂದರೆ ಬೆಂಬಲಿಸುತ್ತೇವೆ.

ಹೈಕೋರ್ಟಿನಲ್ಲಿ ಮುಖ್ಯ ನ್ಯಾಯಮೂರ್ತಿ ಜೆ.ಎಸ್. ಖೇಹರ್, ನ್ಯಾಯಮೂರ್ತಿ ಎನ್. ಕುಮಾರ್ ಕೂಡಿ ವಾದ ಕೇಳಿದರು. ಅಕ್ಟೋಬರ್ 18ರಂದು ಇಬ್ಬರೂ ಎರಡು ದಿಕ್ಕಿಗೆ ಹೋದರು. ಖೇಹರ್ ಅವರ ಪ್ರಕಾರ, ಸ್ವಂತ ಪಕ್ಷದ ಸರ್ಕಾರವನ್ನೇ ಬೀಳಿಸಲು ಹೊರಟವನು ಬಾಯಲ್ಲಿ ಏನೇ ಹೇಳಲಿ, ಪಕ್ಷ ಬಿಟ್ಟಂತೆಯೇ. ಕುಮಾರ್ ಸ್ಪೀಕರ್ ಆದೇಶವನ್ನು ರದ್ದುಪಡಿಸಿದರು. ಪಕ್ಷದೊಳಗೆ ನಿಂತು ಮುಖ್ಯಮಂತ್ರಿಯನ್ನು ಬೇಡವೆನ್ನುವುದೂ, ಪಕ್ಷ ಬಿಟ್ಟು ಹೋಗುವುದೂ ಅವರ ಕಣ್ಣಿಗೆ ಒಂದೇ ಆಗಿ ಕಾಣಲಿಲ್ಲ. ನಾನು ಇವತ್ತು ನಿಮ್ಮ ಮುಂದೆ ಇಟ್ಟ ಪ್ರಶ್ನೆಯೇ ಅಲ್ಲಿ ಕೋರ್ಟಿನ ಪ್ರಶ್ನೆಯಾಗಿತ್ತು. ಅದಕ್ಕೆ ಉತ್ತರ ಕೊಡುವಾಗ ಕುಮಾರ್ ತಮ್ಮ ಮುಖ್ಯ ನ್ಯಾಯಮೂರ್ತಿಯನ್ನೇ ಒಪ್ಪದೆ ಬೇರೆ ತೀರ್ಪು ಬರೆದರು. ಅವರ ಕುರ್ಚಿಗೇನೂ ಆಗಲಿಲ್ಲ. ಅದೇ ಕೆಲಸವನ್ನು ತಮ್ಮ ಮುಖ್ಯಮಂತ್ರಿಯ ವಿಷಯದಲ್ಲಿ ಮಾಡಿದ್ದಕ್ಕೆ ಕಾಗೆಯವರ ಕುರ್ಚಿ ಆಗಲೇ ಹೋಗಿತ್ತು.

ಹೈಕೋರ್ಟಿನಲ್ಲಿ ಇಬ್ಬರು ಒಡೆದರೆ ವಿಷಯ ಮೂರನೆಯವರಿಗೆ ಹೋಗುತ್ತದೆ. ಮೂರನೆಯವರು ವಿ.ಜಿ. ಸಭಾಹಿತ್. ಹನ್ನೊಂದು ದಿನಗಳಲ್ಲಿ, ಅಕ್ಟೋಬರ್ 29ಕ್ಕೆ, ಅವರು ಖೇಹರ್ ಪರ ನಿಂತರು. ಅಷ್ಟು ಬೇಗ ಇತ್ಯರ್ಥವಾಗುವ ಭಾಗ್ಯ ಎಲ್ಲ ಭಿನ್ನ ತೀರ್ಪುಗಳಿಗೂ ಇರುವುದಿಲ್ಲ. ಹಿಜಾಬ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಹೇಮಂತ್ ಗುಪ್ತಾ, ಸುಧಾಂಶು ಧುಲಿಯಾ 2022ರ ಅಕ್ಟೋಬರ್ 13ರಂದು ಹೀಗೆಯೇ ಒಡೆದರು. ವಿಸ್ತೃತ ಪೀಠಕ್ಕೆ ಕಳಿಸಿ ಎಂದು ಕಡತ ಮುಖ್ಯ ನ್ಯಾಯಮೂರ್ತಿಯ ಮೇಜಿಗೆ ಹೋಯಿತು. ಮೂರು ವರ್ಷ ಕಳೆದರೂ ತೀರ್ಪು ಬರಲಿಲ್ಲ, ಅಲ್ಲಿಯತನಕ ಹೈಕೋರ್ಟಿನದೇ ಮಾತು. ಇಂಥ ಕಡೆ ಕಟ್ಟೆಯ ಮೇಲಿನ ಹಿರಿಯರ ಸಿಡುಕನ್ನು ನಾನು ಪೂರ್ತಿ ಒಪ್ಪುತ್ತೇನೆ. ಒಪ್ಪದಿರುವುದು ತಪ್ಪಲ್ಲ, ಒಪ್ಪದೆ ಬಿಟ್ಟುಬಿಡುವುದು ತಪ್ಪು. ಗಡಿಯ ದಾವೆಯನ್ನು ಎದುರಿಗಿಟ್ಟುಕೊಂಡು ಕೂತಿರುವ ನಿಪ್ಪಾಣಿಯವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ಆ ದಾವೆ ಹೂಡಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿಗೆ ಹೋದದ್ದು 2004ರಲ್ಲಿ.

2011ರ ಮೇ 13ರಂದು ಸುಪ್ರೀಂ ಕೋರ್ಟಿನ ಅಲ್ತಮಸ್ ಕಬೀರ್, ಸಿರಿಯಾಕ್ ಜೋಸೆಫ್ ಎಲ್ಲವನ್ನೂ ತಿರುಗಿಸಿದರು. ಸ್ಪೀಕರ್ ಆತುರಪಟ್ಟಿದ್ದಾರೆ, ಸಹಜ ನ್ಯಾಯ ಪಾಲಿಸಿಲ್ಲ, ಅನರ್ಹತೆ ಊರ್ಜಿತವಲ್ಲ. ಕಾಗೆ ಮತ್ತೆ ಶಾಸಕರಾದರು. ಮೂವರಲ್ಲಿ ಒಬ್ಬರಾಗಿ ಸೋತಿದ್ದ ಕುಮಾರ್ ಅವರ ಫಲಿತಾಂಶವೇ ಏಳು ತಿಂಗಳಲ್ಲಿ ಗೆದ್ದಿತು. ಆದರೆ ಆ ಏಳು ತಿಂಗಳ ಹಿಂದೆ ನಡೆದ ವಿಶ್ವಾಸಮತ? ಅಕ್ಟೋಬರ್ 14ರಂದು ಎರಡನೇ ಸಲ ವಿಶ್ವಾಸಮತ ನಡೆದಾಗ ಯಡಿಯೂರಪ್ಪನವರಿಗೆ 106, ವಿರುದ್ಧ 100. ಹದಿನಾರು ಮಂದಿ ಒಳಗಿದ್ದು ವಿರುದ್ಧ ಮತ ಹಾಕಿದ್ದರೆ ಸರ್ಕಾರ ಉಳಿಯುತ್ತಿರಲಿಲ್ಲ ಎಂಬ ಲೆಕ್ಕ ಮಾಡಲು ಗಣಿತ ಬೇಕಿಲ್ಲ. ನ್ಯಾಯ ಸಿಕ್ಕಿತು, ಅದರ ಕೆಲಸ ಮುಗಿದ ಮೇಲೆ.

ಇಲ್ಲಿಗೆ ಕತೆ ಮುಗಿದಿದ್ದರೆ ನಾನು ಶಾಸಕರ ವಕೀಲನಾಗಿ ಮಾತು ನಿಲ್ಲಿಸಬಹುದಿತ್ತು. 2019 ಅದಕ್ಕೆ ಬಿಡುವುದಿಲ್ಲ.

ಆ ಜುಲೈ ತಿಂಗಳನ್ನು ನೀವೆಲ್ಲ ಟಿ.ವಿ.ಯಲ್ಲಿ ನೋಡಿದ್ದೀರಿ. ಕಾಂಗ್ರೆಸ್, ಜನತಾದಳದ ಶಾಸಕರ ಸಾಲುಸಾಲು ರಾಜೀನಾಮೆ, ಮುಂಬಯಿಯ ಹೋಟೆಲು. ಕಾಗವಾಡದ ಶ್ರೀಮಂತ ಪಾಟೀಲರು ರಾಜೀನಾಮೆ ಕೊಟ್ಟವರಲ್ಲ. ಬೆಂಗಳೂರಿನ ಹತ್ತಿರದ ರೆಸಾರ್ಟಿನಿಂದ ಹೊರಟು ಕೊನೆಗೆ ಮುಂಬಯಿಯ ಆಸ್ಪತ್ರೆಯಲ್ಲಿ ಎದೆನೋವೆಂದು ಕಾಣಿಸಿಕೊಂಡರು. ಜುಲೈ 23ರಂದು ಕುಮಾರಸ್ವಾಮಿ ಸರ್ಕಾರ 99ಕ್ಕೆ 105ರಂತೆ ಬಿದ್ದಿತು. ಸ್ಪೀಕರ್ ಕೆ.ಆರ್. ರಮೇಶ್ ಕುಮಾರ್ ಮೊದಲು ಮೂವರನ್ನು, 28ರಂದು ಉಳಿದ ಹದಿನಾಲ್ವರನ್ನು ಅನರ್ಹಗೊಳಿಸಿದರು. ಮೊದಲ ಮೂವರಲ್ಲಿ ಅಥಣಿಯ ಮಹೇಶ ಕುಮಠಳ್ಳಿ ಒಬ್ಬರು. 2018ರಲ್ಲಿ ಲಕ್ಷ್ಮಣ ಸವದಿಯವರನ್ನು ಎರಡು ಸಾವಿರದ ಚಿಲ್ಲರೆ ಮತದಿಂದ ಸೋಲಿಸಿ ಬಂದವರು. ಅನರ್ಹತೆಯ ಜೊತೆಗೆ ಸ್ಪೀಕರ್ ಇನ್ನೊಂದನ್ನೂ ಸೇರಿಸಿದ್ದರು: ಈ ವಿಧಾನಸಭೆಯ ಅವಧಿ ಮುಗಿಯುವವರೆಗೆ, ಅಂದರೆ 2023ರವರೆಗೆ, ಇವರು ಮತ್ತೆ ಆಯ್ಕೆಯಾಗಿ ಬರುವಂತಿಲ್ಲ.

ನವೆಂಬರ್ 13ರಂದು ಸುಪ್ರೀಂ ಕೋರ್ಟು ಅನರ್ಹತೆಯನ್ನು ಎತ್ತಿಹಿಡಿಯಿತು, ಅವಧಿಯ ನಿರ್ಬಂಧವನ್ನು ತೆಗೆದುಹಾಕಿತು. ಎನ್.ವಿ. ರಮಣ, ಸಂಜೀವ್ ಖನ್ನಾ, ಕೃಷ್ಣ ಮುರಾರಿ, ಮೂವರಲ್ಲೂ ಒಮ್ಮತ. ಸ್ಪೀಕರ್‌ಗಳು ತಟಸ್ಥವಾಗಿರಬೇಕಾದ ಕರ್ತವ್ಯ ಮರೆಯುತ್ತಿರುವುದರ ಬಗ್ಗೆ ಪೀಠ ಬೇಸರವನ್ನೂ ಬರೆಯಿತು. ಇಪ್ಪತ್ತೆರಡು ದಿನಗಳ ನಂತರ, ಡಿಸೆಂಬರ್ 5ರಂದು, ಉಪಚುನಾವಣೆ. ಕಾಗವಾಡದಲ್ಲಿ ಬಿಜೆಪಿಯಿಂದ ಶ್ರೀಮಂತ ಪಾಟೀಲ, ಕಾಂಗ್ರೆಸ್ಸಿನಿಂದ ರಾಜು ಕಾಗೆ. ಬಿಜೆಪಿ ಶಾಸಕರಾಗಿದ್ದಾಗ ಒಬ್ಬ ಸ್ಪೀಕರ್ ಅನರ್ಹಗೊಳಿಸಿದ್ದ ಕಾಗೆ ಈಗ ಕಾಂಗ್ರೆಸ್ಸಿನಲ್ಲಿ, ಕಾಂಗ್ರೆಸ್ ಶಾಸಕರಾಗಿದ್ದಾಗ ಇನ್ನೊಬ್ಬ ಸ್ಪೀಕರ್ ಅನರ್ಹಗೊಳಿಸಿದ್ದ ಪಾಟೀಲ ಈಗ ಬಿಜೆಪಿಯಲ್ಲಿ. ಒಬ್ಬರ ಅನರ್ಹತೆಯನ್ನು ಸುಪ್ರೀಂ ಕೋರ್ಟು ರದ್ದು ಮಾಡಿತ್ತು, ಇನ್ನೊಬ್ಬರದನ್ನು ಎತ್ತಿಹಿಡಿದಿತ್ತು. ಜನ ಎರಡನೆಯವರನ್ನು ಗೆಲ್ಲಿಸಿದರು. ಅಥಣಿಯಲ್ಲಿ ಕುಮಠಳ್ಳಿಯೂ ಗೆದ್ದರು. 2020ರ ಫೆಬ್ರವರಿ 6ರಂದು ಹೀಗೆ ಗೆದ್ದು ಬಂದವರಲ್ಲಿ ಹತ್ತು ಮಂದಿ ಮಂತ್ರಿಗಳಾದರು, ಪಾಟೀಲರು ಆ ಪಟ್ಟಿಯಲ್ಲಿದ್ದರು, ಕುಮಠಳ್ಳಿ ಇರಲಿಲ್ಲ. 2023ರಲ್ಲಿ ಮತ್ತೆ ಚಕ್ರ ತಿರುಗಿತು. ಕಾಗವಾಡದಲ್ಲಿ ಕಾಗೆ, ಅಥಣಿಯಲ್ಲಿ ಅಷ್ಟರಲ್ಲಿ ಕಾಂಗ್ರೆಸ್ಸಿಗೆ ಬಂದಿದ್ದ ಸವದಿ ಗೆದ್ದರು.

ಯಾರನ್ನೂ ಹಳಿಯಲು ಇದನ್ನು ಹೇಳಲಿಲ್ಲ, ಇವರೆಲ್ಲ ನಿಮ್ಮ ಮದುವೆ ಮುಂಜಿಗೆ ಬಂದುಹೋಗುವವರು. ನನ್ನ ಮಾತು ಇಷ್ಟೇ. 2010ರಲ್ಲಿ ಭಿನ್ನಮತಕ್ಕೆ ಶಾಸಕರು ಒಂದು ಕಾರಣವನ್ನಾದರೂ ಬರೆದು ಕೊಟ್ಟಿದ್ದರು, ಆ ಕಾರಣವನ್ನು ಹಿಡಿದು ಇಬ್ಬರು ನ್ಯಾಯಮೂರ್ತಿಗಳು ಜಗಳವಾಡಲು ಸಾಧ್ಯವಾಯಿತು. 2019ರ ಭಿನ್ನಮತದಲ್ಲಿ ಹಿಡಿದುಕೊಳ್ಳಲು ಅಂಥದ್ದೇನೂ ಇರಲಿಲ್ಲ, ಫಲ ಮಾತ್ರ ಬೇಗ ಕಾಣಿಸಿತು.

ಇದಕ್ಕೆ ತದ್ವಿರುದ್ಧವಾದ ಭಿನ್ನಮತವನ್ನು ನೋಡಬೇಕಾದರೆ ನಮ್ಮ ಸಕ್ಕರೆ ಕಾರ್ಖಾನೆಗಳ ಹಿತ್ತಲಿಗೆ ಹೋಗಬೇಕು. ಉಗಾರ ಖುರ್ದದ ಕಾರ್ಖಾನೆ ಸ್ವಾತಂತ್ರ್ಯಕ್ಕಿಂತ ಹಳೆಯದು. ಕೃಷ್ಣಾ ದಂಡೆಗೆ ಈಗ ಎಷ್ಟು ಕಾರ್ಖಾನೆಗಳಿವೆ ಎಂದರೆ ಹಂಗಾಮಿನಲ್ಲಿ ರಸ್ತೆಯ ಮೇಲೆ ಕಬ್ಬಿನ ಟ್ರ್ಯಾಕ್ಟರುಗಳ ನಡುವೆ ಸೈಕಲ್ಲಿಗೂ ಜಾಗವಿಲ್ಲ. ಕಬ್ಬು ಅರೆದರೆ ಸಕ್ಕರೆ, ಸಕ್ಕರೆ ತೆಗೆದ ಮೇಲೆ ಉಳಿಯುವುದು ಕಾಕಂಬಿ, ಕಾಕಂಬಿ ಹುಳಿಯಿಸಿ ಬಟ್ಟಿ ಇಳಿಸಿದರೆ ಸ್ಪಿರಿಟ್. ಅದೇ ಸ್ಪಿರಿಟ್ ಒಂದು ಕಡೆ ಹೋದರೆ ಸಾರಾಯಿ, ಇನ್ನೊಂದು ಕಡೆ ಹೋದರೆ ಔಷಧ, ಬಣ್ಣ, ರಾಸಾಯನಿಕ, ಪೆಟ್ರೋಲಿಗೆ ಬೆರೆಸುವ ಎಥೆನಾಲ್. ಕುಡಿಯುವ ಮದ್ಯದ ಮೇಲೆ ಅಧಿಕಾರ ರಾಜ್ಯದ್ದು, ಅದರಲ್ಲಿ ಸಂಶಯವಿಲ್ಲ. ಕುಡಿಯದ, ಕೈಗಾರಿಕೆಗೆ ಹೋಗುವ ಸ್ಪಿರಿಟಿನ ಮೇಲೆ ಯಾರ ಅಧಿಕಾರ?

1989ರ ಅಕ್ಟೋಬರ್ 25ರಂದು ಸುಪ್ರೀಂ ಕೋರ್ಟಿನ ಏಳು ಮಂದಿಯ ಪೀಠ, ಅದು ಕೇಂದ್ರದ್ದು ಎಂದಿತು. ಅದೇ ದಿನ ಇನ್ನೊಂದು ಮೊಕದ್ದಮೆಯಲ್ಲಿ, ಗಣಿ ಮಾಲೀಕರು ಕೊಡುವ ರಾಯಧನದ ಮೇಲೆ ರಾಜ್ಯ ಮತ್ತೆ ಸೆಸ್ ಹಾಕುವಂತಿಲ್ಲ ಎಂದೂ ಹೇಳಿತು. ಆ ಪೀಠದಲ್ಲಿದ್ದ ಮುಖ್ಯ ನ್ಯಾಯಮೂರ್ತಿ ಮಂಡ್ಯ ಜಿಲ್ಲೆಯ ಇ.ಎಸ್. ವೆಂಕಟರಾಮಯ್ಯ. ಮೂವತ್ತೈದು ವರ್ಷಗಳ ನಂತರ, 2024ರಲ್ಲಿ, ಎರಡೂ ವಿಷಯ ಒಂಬತ್ತು ಮಂದಿಯ ಪೀಠದ ಮುಂದೆ ಬಂದವು. ಜುಲೈ 25ರಂದು ಗಣಿಯ ಮೇಲೆ ತೆರಿಗೆ ಹಾಕುವ ಅಧಿಕಾರ ರಾಜ್ಯಗಳಿಗೆ ಇದೆ ಎಂದು ಎಂಟು ಮಂದಿ. ಅಕ್ಟೋಬರ್ 23ರಂದು ಕೈಗಾರಿಕಾ ಸ್ಪಿರಿಟನ್ನೂ ನಿಯಂತ್ರಿಸುವ ಅಧಿಕಾರ ರಾಜ್ಯಗಳಿಗೆ ಇದೆ ಎಂದು ಎಂಟು ಮಂದಿ. ಎರಡರಲ್ಲೂ ಒಪ್ಪದ ಒಂಬತ್ತನೆಯವರು ಬಿ.ವಿ. ನಾಗರತ್ನ, ವೆಂಕಟರಾಮಯ್ಯನವರ ಮಗಳು. ಎರಡರಲ್ಲೂ ಬಹುಮತದ ತೀರ್ಪು ಬರೆದವರು ಡಿ.ವೈ. ಚಂದ್ರಚೂಡ್. ತಂದೆಯ ತೀರ್ಪನ್ನು ತಳ್ಳಿಹಾಕಿದ ಮಗ ಒಂದು ಬದಿಗೆ, ತಂದೆಯಿದ್ದ ಪೀಠದ ತೀರ್ಪಿನ ಪರ ಒಬ್ಬಂಟಿಯಾಗಿ ನಿಂತ ಮಗಳು ಇನ್ನೊಂದು ಬದಿಗೆ.

ಇದನ್ನು ಮನೆತನದ ಅಭಿಮಾನವೆಂದು ತಳ್ಳಿಹಾಕುವವರಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ರಾಜ್ಯಗಳು ಗಣಿಯ ಮೇಲೆ ಒಂದರ ಮೇಲೊಂದು ಪೈಪೋಟಿಯಿಂದ ತೆರಿಗೆ ಹಾಕಿದರೆ ದೇಶದ ಗಣಿ ವ್ಯವಸ್ಥೆಯೇ ಅಸ್ತವ್ಯಸ್ತವಾಗುತ್ತದೆ ಎಂಬುದು ಅವರ ಒಂದು ತರ್ಕ. ಕೈಗಾರಿಕಾ ಸ್ಪಿರಿಟ್ ಮನುಷ್ಯ ಕುಡಿಯುವ ವಸ್ತುವೇ ಅಲ್ಲ, ದುರುಪಯೋಗದ ಹೆದರಿಕೆ ಇದೆಯೆಂದ ಮಾತ್ರಕ್ಕೆ ಅದನ್ನು ಮದ್ಯದ ಪಟ್ಟಿಗೆ ಎಳೆಯಬಾರದು ಎಂಬುದು ಇನ್ನೊಂದು. ನಾನು ಓದಿದಂತೆ ಎರಡನೆಯದರಲ್ಲಿ ಬಹುಮತವೇ ಸರಿ. ಕಾಕಂಬಿ ಲಾರಿ ದಾರಿ ತಪ್ಪಿದರೆ ಏನಾಗುತ್ತದೆಂದು ತಾಲ್ಲೂಕಿನ ಅಬಕಾರಿ ಇನ್‌ಸ್ಪೆಕ್ಟರಿಗೆ ಗೊತ್ತಿರುವಷ್ಟು ದೆಹಲಿಗೆ ಗೊತ್ತಿರುವುದಿಲ್ಲ. ಆದರೆ ಇದನ್ನು ಗಮನಿಸಿ: ಎರಡು ಸಲವೂ ಅವರು ಬರೆದದ್ದು ಕರ್ನಾಟಕದ ಖಜಾನೆಗೆ ಲಾಭವಾಗದ ತೀರ್ಪು. ಬಳ್ಳಾರಿಯ ಅದಿರು, ಬೆಳಗಾವಿಯ ಕಾಕಂಬಿ, ಎರಡರಿಂದಲೂ ತವರು ರಾಜ್ಯಕ್ಕೆ ಬರಬಹುದಾಗಿದ್ದ ಅಧಿಕಾರ ಬೇಡವೆಂದರು. ಕಾರಣಗಳನ್ನು ಪುಟಗಟ್ಟಲೆ ಬರೆದರು. ಆಮೇಲೂ ಅದೇ ಸಹೋದ್ಯೋಗಿಗಳ ಜೊತೆ ಪೀಠಗಳಲ್ಲಿ ಕೂತರು. 2023ರ ಜನವರಿ 2ರಂದು ನೋಟು ರದ್ದತಿಯ ತೀರ್ಪಿನಲ್ಲಿ ನಾಲ್ವರ ಎದುರು ಒಬ್ಬರಾಗಿದ್ದವರೂ ಇವರೇ. ಅಲ್ಲಿ ಕೇಂದ್ರ ಸರ್ಕಾರ ಮಾಡಿದ್ದು ಕಾನೂನಿನಂತೆ ಸರಿಯಲ್ಲ ಎಂದರು, ಮುಂದಿನ ವರ್ಷ ಕೇಂದ್ರದ ಅಧಿಕಾರವನ್ನು ಎತ್ತಿ ಹಿಡಿದರು. ಇವರು ಯಾವ ಬಣದವರು ಎಂದು ಹುಡುಕುವವನಿಗೆ ಏನೂ ಸಿಗುವುದಿಲ್ಲ.

ಹಾಗಾದರೆ ಶಾಸಕನಿಗೂ ಇಂಥ ಭಿನ್ನಮತದ ಅವಕಾಶ ಕೊಡಬಹುದೆ? ವಿಪ್ ಅನ್ನು ವಿಶ್ವಾಸಮತಕ್ಕೂ ಹಣಕಾಸಿನ ಮಸೂದೆಗಳಿಗೂ ಸೀಮಿತ ಮಾಡಿ, ಉಳಿದದ್ದರಲ್ಲಿ ಶಾಸಕರನ್ನು ಅವರ ಮನಸ್ಸಿಗೆ ಬಿಡಿ ಎಂದು ಹೇಳುವವರು ಬಹಳ ಮಂದಿ. ನಾನೂ ಅವರ ಕಡೆಯವನೇ. ಕಬ್ಬಿನ ಬೆಲೆಯ ಮೇಲೆ ಒಂದು ಮಸೂದೆ ಬಂದಾಗ ರಾಯಬಾಗದ ಶಾಸಕನೂ ಬೆಂಗಳೂರಿನ ಶಾಸಕನೂ ಒಂದೇ ಕಡೆ ಕೈ ಎತ್ತಲೇಬೇಕೆಂಬ ಕಾನೂನಿನಲ್ಲಿ ನನಗೆ ಅರ್ಥ ಕಾಣುವುದಿಲ್ಲ. ಆದರೆ ವಿಪ್ಪಿಗಿಂತ ಮೊದಲು ಸರಿಯಾಗಬೇಕಾದದ್ದು ನಿರ್ಧರಿಸುವ ಜಾಗ.

ಅಲ್ಲಿಗೆ 1992ರ ವರ್ಮಾ ಮತ್ತು ಶರ್ಮಾ ಮರಳಿ ಬರುತ್ತಾರೆ. ಅವರನ್ನು ಮರಳಿ ಕರೆದುಕೊಂಡು ಬಂದವರಲ್ಲಿ ಒಬ್ಬರು ಯಾರು ಗೊತ್ತೆ? ಅವರ ವಿರುದ್ಧ ಬಹುಮತದ ತೀರ್ಪು ಬರೆದಿದ್ದ ವೆಂಕಟಾಚಲಯ್ಯನವರೇ. ಸಂವಿಧಾನದ ಕಾರ್ಯವೈಖರಿ ಪರಿಶೀಲಿಸಲು ನೇಮಿಸಿದ ರಾಷ್ಟ್ರೀಯ ಆಯೋಗಕ್ಕೆ ಅವರೇ ಅಧ್ಯಕ್ಷರು. 2002ರಲ್ಲಿ ಆ ಆಯೋಗ ಕೊಟ್ಟ ವರದಿಯಲ್ಲಿ ಪಕ್ಷಾಂತರದ ಅನರ್ಹತೆಯನ್ನು ನಿರ್ಧರಿಸುವ ಅಧಿಕಾರ ಸ್ಪೀಕರ್ ಬದಲು ಚುನಾವಣಾ ಆಯೋಗಕ್ಕೆ ಇರಬೇಕು ಎಂಬ ಶಿಫಾರಸು ಇದೆ. ತಾವು ಸೋಲಿಸಿದ ಆಕ್ಷೇಪವನ್ನು ಹತ್ತು ವರ್ಷದ ಅನುಭವದ ನಂತರ ಇನ್ನೊಂದು ಬಾಗಿಲಿನಿಂದ ಒಳಗೆ ಬಿಟ್ಟುಕೊಳ್ಳುವುದಕ್ಕೆ ದೊಡ್ಡ ಮನಸ್ಸು ಬೇಕು. ಸಂಸತ್ತು ಕೇಳಲಿಲ್ಲ. 2020ರ ಜನವರಿ 21ರಂದು, ಮಣಿಪುರದ ಮೊಕದ್ದಮೆಯಲ್ಲಿ, ಆರ್.ಎಫ್. ನರಿಮನ್ ಅವರ ಪೀಠ ನಿವೃತ್ತ ನ್ಯಾಯಮೂರ್ತಿಯ ನೇತೃತ್ವದ ಶಾಶ್ವತ ನ್ಯಾಯಮಂಡಳಿಯ ಬಗ್ಗೆ ಯೋಚಿಸಿ ಎಂದು ಸಂಸತ್ತಿಗೆ ಹೇಳಿತು. ಅದಕ್ಕೂ ಕಿವಿಗೊಡಲಿಲ್ಲ. 2025ರ ಜುಲೈ 31ರಂದು, ತೆಲಂಗಾಣದ ಬಿಆರ್‌ಎಸ್ ಶಾಸಕರ ಮೊಕದ್ದಮೆಯಲ್ಲಿ, ಬಿ.ಆರ್. ಗವಾಯಿ, ಎ.ಜಿ. ಮಸೀಹ್ ಅವರ ಪೀಠ ಮೂರು ತಿಂಗಳಲ್ಲಿ ತೀರ್ಮಾನಿಸಿ ಎಂದು ಅಲ್ಲಿನ ಸ್ಪೀಕರ್‌ಗೆ ಗಡುವು ಕೊಟ್ಟಿತು. ಈ ಅಧಿಕಾರ ಸ್ಪೀಕರ್ ಬಳಿ ಇರುವುದರಿಂದ ಉದ್ದೇಶ ಈಡೇರುತ್ತಿದೆಯೇ ಎಂದು ಸಂಸತ್ತು ಮರುಚಿಂತಿಸಲಿ ಎಂದೂ ಬರೆಯಿತು. ಬೋಪಯ್ಯನವರು ಮೂರು ದಿನಗಳಲ್ಲಿ ಮುಗಿಸಿದ್ದನ್ನು ಇನ್ನೊಬ್ಬ ಸ್ಪೀಕರ್ ತಿಂಗಳುಗಟ್ಟಲೆ ಮುಟ್ಟದೆ ಇಡಬಹುದು. ವೇಗವೂ ಆಳುವ ಪಕ್ಷದ ಅನುಕೂಲದ್ದು, ನಿಧಾನವೂ ಅದರದೇ.

ಚುನಾವಣಾ ಆಯೋಗವೋ ನ್ಯಾಯಮಂಡಳಿಯೋ ಎಂದು ಕೇಳಿದರೆ ನಾನು ಮೂವರ ನ್ಯಾಯಮಂಡಳಿ ಎನ್ನುತ್ತೇನೆ. ಕಾರಣ, ನಿವೃತ್ತ ನ್ಯಾಯಮೂರ್ತಿಗಳು ರಾಜಕೀಯಕ್ಕೆ ಅತೀತರು ಎಂಬ ನಂಬಿಕೆಯಲ್ಲ. ನಿವೃತ್ತಿಯ ನಂತರದ ಹುದ್ದೆಗಳ ಹಂಬಲವನ್ನು ನಾವು ನೋಡಿಲ್ಲವೆ? ನೇಮಕ ಯಾರ ಕೈಯಲ್ಲಿರಬೇಕು ಎಂಬುದೇ ದೊಡ್ಡ ಜಗಳವಾಗುತ್ತದೆ, ಆಗಲಿ. ನನಗೆ ಮುಖ್ಯವಾಗಿ ಕಾಣುವುದು ಮೂರು ಎಂಬ ಸಂಖ್ಯೆ. 2010ರ ಅಕ್ಟೋಬರ್ 10ರಂದು ಸ್ಪೀಕರ್ ಕೊಠಡಿಯಲ್ಲಿ ಏಳು ದಿನ ಕೊಡಿ, ನಿಯಮ ಹಾಗಿದೆ ಎಂದು ಬರೆದಿಡಬಲ್ಲ ಇನ್ನೊಬ್ಬ ತೀರ್ಪುಗಾರ ಇರಲಿಲ್ಲ. ಎಂಟು ದಿನಗಳ ನಂತರ ಹೈಕೋರ್ಟಿನಲ್ಲಿ ಕುಮಾರ್ ಇದ್ದರು. ಅವರು ಆ ಕ್ಷಣಕ್ಕೆ ಸೋತರೂ ಅವರ ಕಾರಣಗಳು ಕಡತದಲ್ಲಿ ಉಳಿದವು, ಮೇಲಿನ ಕೋರ್ಟಿಗೆ ಅಪೀಲು ಹೋದವರ ಕೈಯಲ್ಲಿ ಒಬ್ಬ ನ್ಯಾಯಮೂರ್ತಿ ಬರೆದ ತೀರ್ಪು ಇತ್ತು. ಮುಂದಿನ ಸಲ ಕಾಗವಾಡದ್ದೋ ಅಥಣಿಯದ್ದೋ ಶಾಸಕರ ಹೆಸರು ಇಂಥ ಪಟ್ಟಿಯಲ್ಲಿ ಬಂದಾಗ, ಆ ಎರಡನೇ ಅಭಿಪ್ರಾಯ ಕೋರ್ಟಿನ ಮೆಟ್ಟಿಲು ಹತ್ತುವ ಮೊದಲೇ, ವಿಶ್ವಾಸಮತದ ಗಂಟೆ ಹೊಡೆಯುವ ಮೊದಲೇ ಬರೆದು ಸಿದ್ಧವಾಗಿರಬೇಕು.